ಒಳಚಿಲಕ

ಕಣ್ಣಾಸ್ಪತ್ರೆಯ ಮುಂಭಾಗದಲ್ಲಿ, ಗಾಜಿಗೆ ಕೊರೆದ ಅಂಗೈಯಗಲದ ಕಿಂಡಿಯ ಹಿಂದೆ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ಚೀಟಿ ಕೊಡುವುದು ಅವಳ ಕೆಲಸ. ಕಣ್ಣಿಗೆ ಪೊರೆ ಬಂದವರೂ ಆ ಕಿಂಡಿಗೆ ಮುಖ ತೂರಿಸಿ ಅವಳನ್ನೇ ದಿಟ್ಟಿಸುತ್ತಿದ್ದರು. ಮನೆಗೆ ಬಂದರೆ ನಡುವೆ ಗಾಜೂ ಇಲ್ಲ. ಗಂಡ, ಅತ್ತೆ, ಕಾಲೇಜಿಗೆ ಹೋಗುವ ಮಗಳು, ಮೂವರಿಗೂ ಅವಳು ಸದಾ ತೆರೆದ ಕಿಂಡಿ. ಕತ್ತರಿ ಎಲ್ಲಿ, ಟವೆಲ್ ಎಲ್ಲಿ, ನೆಗಡಿ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ. ತಲೆ ಅರ್ಧ ನರೆತಿದ್ದರೂ ಅತ್ತೆ ಇನ್ನೂ "ಹುಡುಗಿ" ಎಂದೇ ಕೂಗುತ್ತಿದ್ದರು.

ಅದಕ್ಕೇ ಒಂದು ಮಧ್ಯಾಹ್ನ ತಟ್ಟೆಗಳನ್ನು ತೊಳೆದಿಟ್ಟವಳು ಹೊಲಿಗೆ ಮಿಷನ್ ಇದ್ದ ಹಿಂದಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅಳುವುದಕ್ಕಲ್ಲ, ಮಲಗುವುದಕ್ಕೂ ಅಲ್ಲ. ಮಂಚದ ತುದಿಯಲ್ಲಿ ಕೂತು ಕಾಲಿನ ಹೆಬ್ಬೆರಳುಗಳನ್ನು ನೋಡಿದಳು. ಬಹಳ ವರ್ಷಗಳ ಮೇಲೆ ಸಿಕ್ಕ ನೆಂಟರ ಹಾಗೆ ಕಂಡವು. ತಾನೀಗ ಏನು ಮಾಡುತ್ತಿದ್ದೇನೆ ಎಂಬುದು ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿಲ್ಲ ಎಂಬುದೇ ಒಂದು ಸುಖವಾಗಿತ್ತು. ಮರುದಿನವೂ ಹಾಕಿಕೊಂಡಳು. ಆಮೇಲೆ ಅದೇ ಅಭ್ಯಾಸವಾಯಿತು.

ಮನೆಯಲ್ಲಿ ಗುಸುಗುಸು ಎದ್ದಿತು. ಹೆಂಡತಿ ಮುನಿಸಿಕೊಂಡಿದ್ದಾಳೆ ಎಂದುಕೊಂಡ ಗಂಡ ತಾನು ಮಾಡಿದ ತಪ್ಪೇನೆಂದು ಹುಡುಕಿ, ಬೇಕಾದಷ್ಟು ಸಿಕ್ಕಿದ್ದರಿಂದ ಗಾಬರಿಯಾದರು. ಅಮ್ಮ ಗುಟ್ಟಾಗಿ ಯಾವುದೋ ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಮಗಳ ಊಹೆ. ಎಲ್ಲರಿಗಿಂತ ಹೆಚ್ಚು ಕೆರಳಿದವರು ಅತ್ತೆ. ಒಳಗೆ ತಲೆ ತಿರುಗಿ ಬಿದ್ದರೆ ಯಾರಿಗೆ ಗೊತ್ತಾಗುತ್ತೆ, ಹಾಡುಹಗಲಲ್ಲಿ ಮನೆಯ ಹೆಂಗಸು ಚಿಲಕ ಜಡಿದುಕೊಳ್ಳೋದು ಅಂದರೇನು, ಬೇಕಾದರೆ ನನ್ನ ಕೋಣೆಗೆ ಹಾಕಿಕೊಳ್ಳಲಿ, ಆ ಕೋಣೆ ಮಾತ್ರ ಬೇಡ ಎಂದು ಹಟ ಹಿಡಿದರು. ಆ ಕೋಣೆಯೇ ಯಾಕೆ ಬೇಡ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಗಂಡ ಬೆಳಗಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುವವರು. ಹೊರಗೂ ಒಳಗೂ ಎಲ್ಲರಿಗೂ ಮೇಷ್ಟ್ರು. ವ್ಯಕ್ತಿಸ್ವಾತಂತ್ರ್ಯ ಅವರ ಅಚ್ಚುಮೆಚ್ಚಿನ ಪಾಠ. ಇನ್ನೊಬ್ಬರಿಗೆ ಹಾನಿಯಾಗದ ತನಕ ಮನುಷ್ಯನ ಬದುಕಿಗೆ ಅವನೇ ಒಡೆಯ, ಅವನ ಒಳ್ಳೆಯದಕ್ಕೆಂದು ಕೂಡ ಯಾರೂ ಅವನನ್ನು ಬಲವಂತ ಮಾಡುವಂತಿಲ್ಲ ಎಂದು ಸೀಮೆಸುಣ್ಣ ಪುಡಿಯಾಗುವ ತನಕ ಹೇಳುತ್ತಿದ್ದರು. ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆ ಪಾಠವನ್ನೂ ಪಕ್ಕದಲ್ಲೇ ಬಿಡುತ್ತಿದ್ದರು. ತಾಯಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಸಕ್ಕರೆ ಡಬ್ಬಿ ಬೀರುವಿನೊಳಗೆ ಸೇರಿತು, ಬೀರುವಿನ ಬೀಗದ ಕೈ ಅವರ ಜೇಬು ಸೇರಿತು. ಅಮ್ಮನ ಒಳ್ಳೆಯದಕ್ಕೇ ತಾನೆ.

ಭಾನುವಾರ ಊಟದ ಮೇಜಿನ ಸುತ್ತ ಸಭೆ ಸೇರಿತು.

"ನೋಡು, ನೀನು ಸ್ವತಂತ್ರಳು, ಅದರಲ್ಲಿ ಎರಡು ಮಾತಿಲ್ಲ" ಎಂದರು ಮೇಷ್ಟ್ರು ಹೆಂಡತಿಗೆ. "ಆದ್ರೆ ಹೆಚ್ಚು ಜನರ ಹೆಚ್ಚು ಸುಖ ಅಂತಾನೂ ಒಂದಿದೆ. ಚಿಲಕ ಹಾಕಿದ್ರೆ ನಿನಗೊಬ್ಬಳಿಗೆ ನೆಮ್ಮದಿ, ನಮ್ಮ ಮೂವರಿಗೂ ಕಳವಳ. ಲೆಕ್ಕ ನೀನೇ ಹಾಕು."

ಲೆಕ್ಕ ಹೀಗೆ ಬಂದುಬಿಟ್ಟಿತಲ್ಲ ಎಂದು ನಿಜಕ್ಕೂ ಮರುಗುವವರ ಮುಖ ಮಾಡಿದ್ದರು. ಮಗಳು ಉಗುರು ಕಚ್ಚುವುದನ್ನು ನಿಲ್ಲಿಸಿದಳು.

"ಅಪ್ಪಾ, ನಿಮ್ಮ ಮೀಸೆ ನಿಮಗೊಬ್ಬರಿಗೇ ಇಷ್ಟ. ನನಗೆ ಇಷ್ಟ ಇಲ್ಲ. ಅಜ್ಜೀ, ನಿಮಗೆ?"

"ಬೇಡ ಅಂತ ಆಗಿಂದ ಬಡ್ಕೋತಿದೀನಿ" ಎಂದರು ಅಜ್ಜಿ, ಕಣ್ಣು ಅರಳಿಸಿ.

"ಅಮ್ಮಾ, ನೀನು?"

ಅವಳು ಗಂಡನ ಮೀಸೆಯನ್ನು ಅದೇ ಮೊದಲ ಸಲ ನೋಡುವವಳಂತೆ ನೋಡಿದಳು. "ಹಾಲು ಕುಡಿದಾಗ ನೋಡೋಕಾಗಲ್ಲ."

"ಮೂರಕ್ಕೆ ಒಂದು. ರೇಜರ್ ತರ್ಲಾ ಅಪ್ಪಾ?"

ಮೇಷ್ಟ್ರ ಕೈ ತಾನಾಗಿ ಮೇಲೆದ್ದು ಮೀಸೆಯನ್ನು ಮುಚ್ಚಿಕೊಂಡಿತು. "ಮೀಸೆ ನನ್ನ ಸ್ವಂತ ವಿಷಯ ಕಣೇ."

"ಚಿಲಕ?" ಎಂದಳು ಹೆಂಡತಿ.

ಸೋತವರು ಸೋತು ಸುಮ್ಮನಿದ್ದರೆ ಎಷ್ಟೋ ಚೆನ್ನಾಗಿತ್ತು. ಮೇಷ್ಟ್ರು ಸೋತದ್ದೇ ತಡ, ಗೆದ್ದವರ ಪಕ್ಷ ಸೇರಿದರು. ಮರುದಿನ ಕೋಣೆಯ ಬಾಗಿಲಿಗೆ ದಪ್ಪ ಅಕ್ಷರದ ಹಾಳೆಯೊಂದು ಅಂಟಿಕೊಂಡಿತು: "ಇಲ್ಲಿ ಒಬ್ಬರು ಸ್ವತಂತ್ರರಾಗಿದ್ದಾರೆ. ದಯವಿಟ್ಟು ಸದ್ದು ಮಾಡಬೇಡಿ." ಅದರ ಎದುರಿಗೇ ತಮ್ಮ ಕುರ್ಚಿ ಹಾಕಿಕೊಂಡು ಕೂತರು. ಕೊರಿಯರ್ ತಂದವನಿಗೆ ಬೆರಳು ತುಟಿಗಿಟ್ಟು ತೋರಿಸಿದರು. ಮಗಳ ಕಾಲ್ಗೆಜ್ಜೆಗೆ ಹತ್ತಿ ಸುತ್ತಿಸಿದರು. ನಡುನಡುವೆ ಬಾಗಿಲ ಸಂದಿಗೆ ಬಾಯಿಟ್ಟು, "ಫ್ಯಾನ್ ಗಾಳಿ ಸಾಲುತ್ತಾ? ನಿನ್ನ ಪಾಡಿಗೆ ನೀನಿರು, ಸುಮ್ನೆ ಕೇಳಿದೆ" ಎನ್ನುತ್ತಿದ್ದರು. ಸಂಜೆ ಹೊರಬಂದವಳನ್ನು, ಇವತ್ತು ಹೇಗಿತ್ತು, ಏನಾದರೂ ಉಪಯೋಗವಾಯಿತೇ ಎಂದು ವಿಚಾರಿಸುತ್ತಿದ್ದರು. ಅಷ್ಟು ಆಸೆಯಿಂದ ಕೇಳುವವರಿಗೆ ಏನೂ ಇಲ್ಲ ಎನ್ನಲಾಗದೆ, ಜೀವನದ ಬಗ್ಗೆ ಯೋಚಿಸಿದೆ ಎಂದು ಅವಳು ಸುಳ್ಳು ಹೇಳಿದಳು. ಮೇಷ್ಟ್ರು ತಲೆದೂಗಿದರು. ಮರುದಿನದಿಂದ ಅವಳಿಗೆ ಅದೊಂದು ಕೆಲಸವಾಯಿತು.

ಹೆಬ್ಬೆರಳುಗಳು ಈಗ ಬರೀ ಹೆಬ್ಬೆರಳುಗಳಾಗಿದ್ದವು. ಅವಳು ಎಲ್ಲಿದ್ದಾಳೆ, ಎಷ್ಟು ಹೊತ್ತಿನಿಂದ ಇದ್ದಾಳೆ, ಎಷ್ಟು ಸ್ವತಂತ್ರಳಾಗಿದ್ದಾಳೆ ಎಂಬುದೆಲ್ಲ ಇಡೀ ಮನೆಗೆ ಗೊತ್ತು. ಚಿಲಕ ಬಿದ್ದದ್ದು ಒಳಗಿನಿಂದಲೋ ಹೊರಗಿನಿಂದಲೋ ಎಂದು ಅವಳಿಗೇ ಅನುಮಾನ ಬರತೊಡಗಿತು. ಬೈದು ಹಗುರಾಗೋಣವೆಂದರೆ ಆ ಮನುಷ್ಯ ಅಷ್ಟು ಒಳ್ಳೆಯವರಾಗಿ ಕೂತುಬಿಟ್ಟಿದ್ದರು.

ಅಂಥದೊಂದು ಮಧ್ಯಾಹ್ನ ಅವಳ ಕಣ್ಣು ಹೊಲಿಗೆ ಮಿಷನ್ನಿನ ಹಿಂದಿದ್ದ ಇನ್ನೊಂದು ಬಾಗಿಲಿನ ಮೇಲೆ ಬಿತ್ತು. ಹಿತ್ತಲಿಗೆ ತೆರೆಯುವ ಬಾಗಿಲು. ಯಾರೂ ಬಳಸದೆ ಅದರ ಅಗುಳಿ ತುಕ್ಕು ಹಿಡಿದು ಕೂತಿದೆ ಎಂದು ಮನೆಮಂದಿಯೆಲ್ಲ ನಂಬಿದ್ದರು. ಬರಲಾರದು ಎಂದುಕೊಂಡೇ ಬೆರಳಿಟ್ಟಳು. ಕಿರ್ ಎನ್ನದೆ, ಅವಳಿಗಾಗಿಯೇ ಕಾದು ಕೂತಿದ್ದಂತೆ ಸರಿಯಿತು. ಬೆರಳಿಗೆ ಎಣ್ಣೆ ಅಂಟಿತ್ತು. ಮೂಸಿ ನೋಡಿದಳು. ಅತ್ತೆ ತಲೆಗೆ ಹಚ್ಚಿಕೊಳ್ಳುವ ಎಣ್ಣೆ.

ಆ ಕೋಣೆ ಮಾತ್ರ ಬೇಡ ಎಂದು ಅತ್ತೆ ಹಟ ಹಿಡಿದದ್ದು ಯಾಕೆಂದು ಅವಳಿಗೆ ಅಲ್ಲೇ, ಬೆರಳು ಮೂಗಿನ ಹತ್ತಿರ ಇರುವಾಗಲೇ ಹೊಳೆಯಿತು.

ಬಾಗಿಲು ತೆರೆದು, ಹೊಸ್ತಿಲಾಚೆ ಬಿದ್ದಿದ್ದ ಹಿತ್ತಲ ಚಪ್ಪಲಿ ಮೆಟ್ಟಿ ಹೊರಗಿಳಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅತ್ತೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಪಕ್ಕದ ಮನೆಯಾಕೆಯ ಬಳೆಯ ಕೈಯೊಂದು ಗೋಡೆಯಾಚೆಗೆ ಆಗತಾನೆ ಜಾರಿ ಮರೆಯಾಯಿತು. ಅತ್ತೆಯ ಕೆನ್ನೆ ಒಂದು ಕಡೆ ಉಬ್ಬಿತ್ತು, ಕಲ್ಲುಸಕ್ಕರೆ ಕಟಕ್ಕೆಂದಿತು. ಮೇಷ್ಟ್ರು ಸ್ವಾತಂತ್ರ್ಯದ ಕಾವಲಿಗೆ ಕೂತ ಮೇಲೆ ಹಿತ್ತಲಿಗೆ ಹೋಗುವ ಅಡುಗೆಮನೆಯ ಬಾಗಿಲನ್ನು ಕಾಯುವವರು ಯಾರೂ ಇರಲಿಲ್ಲವಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇದು ಮೀಸೆಯ ವಿಷಯವಲ್ಲ, ರಕ್ತದ ವಿಷಯ. ಗಂಡನಿಗೆ ಹೇಳಲೇಬೇಕಾದದ್ದು ಎಂದು ಅವಳ ಮನಸ್ಸು ಹೇಳಿತು. ಹೇಳಿದರೆ ನಾಳೆಯಿಂದ ಹಿತ್ತಲಿಗೂ ಒಂದು ಕುರ್ಚಿ ಬರುತ್ತದೆ ಎಂದೂ ಅದೇ ಮನಸ್ಸು ಹೇಳಿತು. ಅತ್ತೆಯ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಸೊಸೆ ಹುಬ್ಬೇರಿಸಿದಳು. ಅತ್ತೆ ಒಂದು ಬೆರಳೆತ್ತಿ ತೋರಿಸಿದರು: ಒಂದೇ. ಮತ್ತೆ ಆ ಬೆರಳನ್ನೇ ಅವಳ ಕಾಲಿನತ್ತ ತಿರುಗಿಸಿದರು.

"ಚಪ್ಪಲಿ ಕೈಲಿ ಹಿಡ್ಕೋ ಹುಡುಗಿ. ಆ ಕಲ್ಲುಚಪ್ಪಡಿ ಮೇಲೆ ಟಪಟಪ ಅನ್ನುತ್ತೆ."

ಅವಳು ಚಪ್ಪಲಿ ಕೈಗೆತ್ತಿಕೊಂಡು ಗೋಡೆಯ ಪಕ್ಕದ ಸಂದಿಯಲ್ಲಿ ನಡೆದಳು. ಕಿಟಕಿಯ ಕೆಳಗೆ ಬರುವಾಗ ಒಳಗಿನಿಂದ ಗಂಡ ಮಗಳನ್ನು ಪಿಸುದನಿಯಲ್ಲಿ ಗದರುವುದು ಕೇಳಿಸಿತು: "ಶ್, ಮೆಲ್ಲಗೆ ಕಣೇ. ಅಮ್ಮ ಒಳಗಿದ್ದಾಳೆ."

ಬೀದಿಯ ತಿರುವಿನಲ್ಲಿ ಚಪ್ಪಲಿ ಮೆಟ್ಟಿಕೊಂಡಳು. ಎಡಕ್ಕೆ ಹೋಗಲೋ ಬಲಕ್ಕೋ ಎಂದು ಬಹಳ ಹೊತ್ತು ಅಲ್ಲೇ ನಿಂತಳು.