ಶಾಲು ಹೊದಿಸಿದ ಮೇಲೆ

ನಾನು ಒಂದು ಜಮಖಾನ. ಹೀಗೆ ಹೇಳಿಕೊಳ್ಳಲು ಈಗೀಗ ಸ್ವಲ್ಪ ಅನುಮಾನ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ. ಹುಟ್ಟಿದ್ದು ನವಲಗುಂದದ ಒಂದು ಮನೆಯ ಮಗ್ಗದಲ್ಲಿ. ನೇಯ್ದ ಹೆಂಗಸು ಮೈತುಂಬ ಕೆಂಪು, ಅಂಚಿಗೆ ನೀಲಿ ಕೊಟ್ಟು, ನಟ್ಟನಡುವೆ ಪಗಡೆಯ ಮನೆಗಳನ್ನು ಮೂಡಿಸಿದಳು. ಪಗಡೆ ಆಡಿಸಲಿಕ್ಕೇ ಹುಟ್ಟಿದ್ದೇನೆ ಅಂದುಕೊಂಡೆ. ಇವತ್ತಿನವರೆಗೂ ನನ್ನ ಮೇಲೆ ಯಾರೂ ಪಗಡೆ ಆಡಿಲ್ಲ.

ನನ್ನನ್ನು ಕೊಂಡವರು ಧಾರವಾಡದ ಕಡೆಯ ಒಂದು ಊರಿನ ಶಾಮಿಯಾನದ ಅಂಗಡಿಯವರು. ಬಾಡಿಗೆಗೆ ಹೋಗುವುದೇ ನನ್ನ ಉದ್ಯೋಗ. ಒಂದು ದಿನ ಮದುವೆ ಮನೆಯಲ್ಲಿ ಜನ ನನ್ನ ಮೇಲೆ ನಗುತ್ತಾ ಕೂರುತ್ತಿದ್ದರು. ಮರುದಿನ ಸಾವಿನ ಮನೆಯಲ್ಲಿ ಅವರೇ ಬಂದು ಅಳುತ್ತಾ ಕೂರುತ್ತಿದ್ದರು. ಎರಡೂ ಕಡೆ ಅಂಗಾಲುಗಳು ಅವೇ, ನಾನೂ ಅದೇ. ಯಾವುದಕ್ಕೆ ಏನು ಅರ್ಥ ಅಂತ ಯಾರೂ ಹೇಳಿಕೊಡಲಿಲ್ಲ. ಒಂದನ್ನು ಮಾತ್ರ ನೋಡಿ ನೋಡಿ ಕಲಿತೆ. ಬ್ಯಾಂಕಿರಲಿ, ಬಸ್ ಡಿಪೋ ಇರಲಿ, ಯಾರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಡುತ್ತಾರೋ ಆ ಮನುಷ್ಯ ಮರುದಿನದಿಂದ ಕೆಲಸಕ್ಕೆ ಬರುವುದಿಲ್ಲ.

ಬಣ್ಣ ಮಾಸಿದ ಮೇಲೆ ಅಂಗಡಿಯವರು ನನ್ನನ್ನು ಊರ ಶಾಲೆಗೆ ಕೊಟ್ಟುಬಿಟ್ಟರು. ಅಲ್ಲಿನ ಹೆಡ್‌ಮಾಸ್ತರು ಹಾಲಭಾವಿಯವರಿಗೆ ಆಗ ಹೊಸ ಹುಚ್ಚು ಹಿಡಿದಿತ್ತು. ಶಾಲೆ ಬಿಟ್ಟ ಮೇಲೆ ಮಕ್ಕಳು ಬೀದಿ ಸುತ್ತುವ ಬದಲು ಏನಾದರೂ ಕಲಿಯಲಿ, ಕಲಿಸಲು ಊರವರೇ ಬರಲಿ ಎಂದು ಮನೆಮನೆ ಅಲೆದರು. ಸಂಬಳವಿಲ್ಲ, ಚಹಾ ಉಂಟು. ನಿವೃತ್ತ ಪೋಸ್ಟ್‌ಮನ್ ತುಕಾರಾಮಪ್ಪ ಚದುರಂಗ ಕಲಿಸಲು ಬಂದರು. ಹಿಂದಿನ ಓಣಿಯ ಬಸಲಿಂಗವ್ವ, ಊರವರ ಬಾಯಲ್ಲಿ ಆಯಿ, ಹಳೆಯ ಬಟ್ಟೆಗಳ ಕೌದಿ ಹೊಲಿಯಲು ಕಲಿಸುತ್ತೇನೆಂದು ಬಂದಳು. ಅವಳನ್ನು ಏಕವಚನದಲ್ಲೇ ಕರೆಯುತ್ತೇನೆ, ಬೇಸರಪಡಬೇಡಿ. ನಾವಿಬ್ಬರೂ ನೂಲಿನ ಕಡೆಯವರು.

ಗುರುವಾರದ ಈ ಎರಡು ಕ್ಲಬ್ಬಿಗೂ ಹಾಸಲು ಇದ್ದದ್ದು ನಾನೊಂದೇ. ಒಂದು ತುದಿಯಲ್ಲಿ ಚದುರಂಗದ ಕುದುರೆ ಜಿಗಿಯುತ್ತಿತ್ತು, ಇನ್ನೊಂದು ತುದಿಯಲ್ಲಿ ಸೂಜಿ ಓಡುತ್ತಿತ್ತು. ಎರಡೂ ಬೇಡವಾದವರು ನಡುವಿನ ಪಗಡೆಯ ಮನೆಗಳಲ್ಲಿ ಕುಂಟುತ್ತಾ ಜಿಗಿದು ಅಲ್ಲೊಂದು ತೂತು ಮಾಡಿದರು. ನಾನು ತರಗತಿಯೋ, ಆಟದ ಬಯಲೋ, ತಿಳಿಯದೆ ಬಿದ್ದಿರುತ್ತಿದ್ದೆ.

ಬಸಲಿಂಗವ್ವನ ಮನೆಯಲ್ಲಿ ಸೊಸೆ ಅಂಗಡಿಯ ಬ್ಲಾಂಕೆಟ್ ತಂದ ಮೇಲೆ ಕೌದಿ ಯಾರಿಗೂ ಬೇಡವಾಗಿತ್ತಂತೆ. ಹಾಗಾಗಿ ಗುರುವಾರ ಬಂತೆಂದರೆ ಎಲ್ಲರಿಗಿಂತ ಮೊದಲೇ ಬಂದು ನನ್ನ ಮೇಲೆ ಕೂತು ಮಕ್ಕಳ ದಾರಿ ಕಾಯುತ್ತಿದ್ದಳು. ಏಳನೆಯ ತರಗತಿಯ ಶಮಶಾದ್ ಎಂಬ ಹುಡುಗಿ, ಮನೆಗೆ ಬರಲಿದ್ದ ಕೂಸಿಗೆಂದು ಅಮ್ಮನ ಹಳೆಯ ಸೀರೆಗಳ ಕೌದಿ ಹಿಡಿದಿದ್ದಳು. ಅಂಚು ಕಟ್ಟುವುದೊಂದು ಬಾಕಿ. ಅದನ್ನು ಬಸಲಿಂಗವ್ವನೇ ಹೇಳಿಕೊಡಬೇಕು.

ಅಷ್ಟರಲ್ಲಿ ಹಾಲಭಾವಿ ಮಾಸ್ತರಿಗೆ ಉಪಕಾರ ಸ್ಮರಣೆಯ ಆಸೆಯಾಯಿತು. ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. ಬಸಲಿಂಗವ್ವ ಕಣ್ಣೊರೆಸಿಕೊಂಡಳು. ಮುಗಿಯಿತು ಅಂದುಕೊಂಡೆ, ನನಗೂ ತುಂಬಾ ಸಂಕಟವಾಯಿತು.

ಆದರೆ ಮುಂದಿನ ಗುರುವಾರ ತುಕಾರಾಮಪ್ಪ ಹಾಜರು. ನನಗೆ ಗೊಂದಲ ಹತ್ತಿಕೊಂಡಿತು. ಅವರು ಆಗಲೇ ಒಮ್ಮೆ ನಿವೃತ್ತರಾದವರು, ಎರಡನೆಯ ಸಲ ನಿವೃತ್ತರಾಗುವುದು ಹೇಗೆಂದು ತಿಳಿಯಲಿಲ್ಲವೋ ಏನೋ. ಬಸಲಿಂಗವ್ವ ಮಾತ್ರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆಯಿಗೆ ಜ್ವರವಿರಬೇಕೆಂದು ಕೆಲವರು, ಸೊಸೆ ಬೇಡವೆಂದಿರಬೇಕೆಂದು ಕೆಲವರು ಅಂದರು. ಶಾಲು ಅಗ್ಗದ್ದಾಯಿತೇನೋ ಎಂದು ಮಾಸ್ತರು ಕೊರಗಿದರು. ಶಮಶಾದ್ ಅಂಚಿಲ್ಲದ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತಾ ಕೂರುತ್ತಿದ್ದಳು. ಮನೆಗೆ ಕೂಸು ಬಂದಾಗಿತ್ತು.

ಕೊನೆಗೆ ಅವಳೇ ಹೋಗಿ ಬಸಲಿಂಗವ್ವನ ಕೈ ಹಿಡಿದು ಕರೆತಂದಳು. ಆಯಿ ಹೊಸ್ತಿಲ ಆಚೆಯೇ ನಿಂತಳು. ಕಂಕುಳಲ್ಲಿ ಆ ಶಾಲು ಇತ್ತು.

"ಯಾಕ್ರಿ ಆಯಿ, ನಮ್ಮಿಂದ ಏನರ ತಪ್ಪಾತೇನ್ರಿ?" ಎಂದು ಮಾಸ್ತರು ಕೇಳಿದರು.

"ತಪ್ಪೇನ್ರಿ ಮಾಸ್ತರ. ಶಾಲು ಹೊಚ್ಚಿ, ಹಾರಾ ಹಾಕಿ ಕಳಿಸಿದ್ರಿ. ನನ್ನ ಗಂಡಗ ಮಿಲ್‌ನ್ಯಾಗೂ ಹಿಂಗ ಕಳಿಸಿದ್ರು. ಇನ್ನ ಸಾಕು ಅಂದ್ರಿ ಅಂತ ತಿಳಕೊಂಡೆ."

ಮಾಸ್ತರು ಹೊಸ್ತಿಲವರೆಗೆ ಬಂದರು. "ಸಾಕು ಅನ್ನಾಕಲ್ರಿ ಆಯಿ. ಬರ್ತಾ ಇರ್ರಿ ಅನ್ನಾಕ ನಮಗ ಬ್ಯಾರೆ ರೀತಿ ಗೊತ್ತಿರಲಿಲ್ಲ," ಎಂದರು.

ಬಸಲಿಂಗವ್ವ ಒಳಗೆ ಬಂದು ನನ್ನ ಮೇಲೆ ಕೂತಳು. ಮೊದಲು ಶಮಶಾದಳ ಕೌದಿಗೆ ಅಂಚು ಕಟ್ಟಿಸಿದಳು. ಆಮೇಲೆ ನನ್ನ ನಡುವಿನ ತೂತಿಗೆ ಬೆರಳು ಹಾಕಿ ನೋಡಿ, ಕತ್ತರಿ ಕೇಳಿದಳು. ಮಾಸ್ತರು ಬೇಡ ಬೇಡ ಅನ್ನುವಷ್ಟರಲ್ಲಿ ಜರಿ ಅಂಚಿನ ಶಾಲು ತುಂಡಾಗಿತ್ತು. ಮಕ್ಕಳೆಲ್ಲ ಸುತ್ತ ಕೂತು ಆ ತುಂಡನ್ನು ತೇಪೆಯಾಗಿ ನನಗೆ ಹೊಲಿದರು. ಹೊಲಿಗೆ ಸೊಟ್ಟವಾಗಿತ್ತು. ನನಗೆ ಅಳು ಬಂತು, ಅದು ಮದುವೆ ಮನೆಯದೋ ಸಾವಿನ ಮನೆಯದೋ ಗೊತ್ತಾಗಲಿಲ್ಲ.

ಅದೆಲ್ಲ ಹಳೆಯ ಮಾತು. ಮೊಣಕಾಲು ಮಾತು ಕೇಳುವವರೆಗೂ ಬಸಲಿಂಗವ್ವ ಬಂದಳು. ಈಗ ಅವಳಿಲ್ಲ. ಶಾಲೆಗೆ ಪ್ಲಾಸ್ಟಿಕ್ ಚಾಪೆಗಳು ಬಂದಿವೆ. ನಾನು ಪುಸ್ತಕದ ಕಪಾಟಿನ ಪಕ್ಕದ ಮೂಲೆಯಲ್ಲಿ ಮಡಚಿಕೊಂಡಿದ್ದೇನೆ, ಶಾಲಿನ ತೇಪೆ ಮೇಲೆ ಕಾಣುವ ಹಾಗೆ. ನಾನು ಜಮಖಾನವೋ, ಕೌದಿಯೋ, ಸನ್ಮಾನಿತನೋ? ನನಗೂ ಶಾಲು ಹೊದಿಸಿದ್ದಾರಲ್ಲ, ಅದು ಸಾಕು ಅಂತಲೋ, ಬರ್ತಾ ಇರು ಅಂತಲೋ, ಇವತ್ತಿಗೂ ಬಗೆಹರಿದಿಲ್ಲ. ಆದರೆ ಗುರುವಾರ ಸಂಜೆ ಶಮಶಾದ್ ಸೂಜಿದಾರದ ಡಬ್ಬಿ ಹಿಡಿದು ಬರುತ್ತಾಳೆ, ಈಗ ಅವಳೇ ಕಲಿಸುವವಳು. ಪ್ಲಾಸ್ಟಿಕ್ ಚಾಪೆಗಳನ್ನು ದಾಟಿ ನನ್ನ ಹತ್ತಿರ ಬಂದು ಮಡಿಕೆ ಬಿಡಿಸುತ್ತಾಳೆ. ಯಾವ ಅರ್ಥ ಅಂತ ಕೇಳುವ ಗೋಜಿಗೆ ಹೋಗದೆ ಹಾಸಿಕೊಳ್ಳುತ್ತೇನೆ.