ಜಲಪಾತದ ಹಿಂದಿನ ಗುಹೆ

“ಅಪ್ಪಾ, ಇದೇ ಜಲಪಾತ ತಾನೇ?” ಎಂದಳು ಮಗಳು, ಪರದೆಯಿಂದ ಕಣ್ಣು ಕೀಳದೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಅಪ್ಪನಿಗೆ ಅಂದು ರಜೆ. ಟೀ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದ. ಊಟವಾದಾಗಿನಿಂದ ಕೋಣೆಯಲ್ಲಿ ಮಗಳಿಗೂ ಪಕ್ಕದ ಮನೆಯ ಗೆಳತಿಗೂ ವಾದ ನಡೆದಿತ್ತು: ಎರಡು ಹಳೆಯ ಕಂಪ್ಯೂಟರ್ ಆಟಗಳಲ್ಲಿ ಸುತ್ತಾಡಲು ಯಾವುದು ಚೆನ್ನ? ಎರಡೂ ಈ ಹುಡುಗಿಯರು ಹುಟ್ಟುವ ಮೊದಲೇ ಬಂದಂಥವು. ಎರಡರಲ್ಲೂ ಆಡುವವರೇ ಕತ್ತಿ ಹಿಡಿದು, ಸ್ವಂತ ಕಣ್ಣಿನಿಂದ ನೋಡಿದ ಹಾಗೆ, ಮಾಂತ್ರಿಕರ ನಾಡಿನಲ್ಲಿ ಅಲೆಯಬೇಕು.

ಆ ಗೆಳತಿಗೆ ಈ ಮನೆಯಲ್ಲಿ ‘ಲಾಯರಮ್ಮ’ ಎಂದೇ ಹೆಸರು. “ನನ್ನ ಆಟದಲ್ಲಿ ಕಣ್ಣಿಗೆ ಕಾಣೋ ಬೆಟ್ಟ ಎಲ್ಲಾ ಹತ್ಬಹುದು. ದಾರಿ ತಪ್ಪಿದ್ರೆ ಬಾಣದ ಗುರುತು ತೋರಿಸತ್ತೆ. ನಿನ್ನದ್ರಲ್ಲಿ ಬರೀ ಮಂಜು ಕಣೇ, ಮೂಗಿನ ಮುಂದೆ ಇರೋದೂ ಕಾಣಲ್ಲ,” ಎಂದಳು.

“ಅದಕ್ಕೇ ಮಜಾ. ಕೈಮರ ಓದ್ಕೊಂಡು, ಸಿಕ್ಕಿದೋರನ್ನ ಕೇಳ್ಕೊಂಡು ಹೋಗ್ಬೇಕು. ನೀನು ಬಾಣದ ಬೆನ್ನು ಹತ್ತೋದು, ಅಷ್ಟೇ. ಅಲ್ದೆ ಯಾವ ನಕ್ಷೆಲೂ ಇಲ್ದಿರೋ ಗುಹೆ ಇದ್ರಲ್ಲಿದೆ. ನಮ್ಮಪ್ಪ ಕಂಡುಹಿಡಿದಿದ್ದು!”

ಅಪ್ಪ ಬಾಯಿಗೆ ಒಯ್ದ ಟೀ ಲೋಟವನ್ನು ಹಾಗೇ ಕೆಳಗಿಳಿಸಿದ.

ಅಂಥ ಗುಹೆ ಇರಲೇ ಇಲ್ಲ. ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಮಲಗಿದ್ದಳು. ಸಮಾಧಾನಕ್ಕೆಂದು ಬಾಯಿಗೆ ಬಂದದ್ದು ಹೇಳಿದ್ದ. ಜಲಪಾತದ ಹಿಂದೆ ಗುಹೆ, ಅದರೊಳಗೆ ದೀಪ ಹಚ್ಚಿಟ್ಟು ಕಾಯುವ ಮುದುಕಿ, ‘ಯಾಕೋ ಇಷ್ಟು ತಡ?’ ಎಂದು ಕೇಳುವವಳು. ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಈ ಆಟ ಆಡುವುದನ್ನು ಅವನ ಹೆಗಲ ಮೇಲಿಂದ ಇಣುಕಿ ನೋಡಿದ್ದೇ ಇವನ ಬಂಡವಾಳ. ಜ್ವರ ಇಳಿದ ಮೇಲೂ ಮಗಳು ಅದೇ ಕಥೆ ಕೇಳಿದಳು. ಅಪ್ಪಂದಿರ ಬಾಯಿಗೆ ಬೀಗ ಹಾಕುವವರು ಯಾರು? ಕೇಳಿದಾಗಲೆಲ್ಲ ಗುಹೆ ಇನ್ನಷ್ಟು ಆಳವಾಯಿತು.

“ರಜೆ ಪೂರ್ತಿ ಹುಡುಕಿದೀನಪ್ಪಾ. ಒಂದೊಂದು ಬಂಡೆಗೂ ಹೋಗಿ ಗುದ್ದಿದೀನಿ. ನಂಗೇ ಆಡೋಕೆ ಬರಲ್ವೇನೋ,” ಎಂದಳು ಮಗಳು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಈಗಲೇ ಹೇಳಿಬಿಡಬೇಕು ಎಂದುಕೊಂಡ.

“ಅಂಕಲ್, ನೀವು ಕಣ್ಣಾರೆ ನೋಡಿದ್ದೀರಾ?” ಲಾಯರಮ್ಮ ಇತ್ತ ತಿರುಗಿದಳು. “ನೀವು ಹೂಂ ಅಂದ್ರೆ ನಾನು ಸೋತೆ. ನನ್ನದ್ರಲ್ಲಿ ಗುರುತು ಹಾಕದ ಗುಹೆ ಒಂದೂ ಇಲ್ಲ.”

ಮಗಳು ಅವನನ್ನೇ ನೋಡುತ್ತಿದ್ದಳು.

“ಹೂಂ,” ಎಂದ.

“ಹಾಗಾದ್ರೆ ಬಾ, ತೋರಿಸು!” ಮಗಳು ಕುರ್ಚಿ ಬಿಟ್ಟುಕೊಟ್ಟಳು.

ಕೂತ. ಕೂದಲೆಳೆಯಷ್ಟೂ ತಪ್ಪದೆ ಗಾಜು ಕೂರಿಸುವ ಬೆರಳುಗಳು ಕೀಬೋರ್ಡಿನ ಮೇಲೆ ತಡಕಾಡಿದವು. ಮುಂದೆ ನಡೆಯಲು ಯಾವ ಕೀ ಒತ್ತಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. ಒಂದನ್ನು ಒತ್ತಿದ, ಕತ್ತಿ ಹೊರಬಂತು. ಇನ್ನೊಂದನ್ನು ಒತ್ತಿದ, ನಿಂತಲ್ಲೇ ಕುಪ್ಪಳಿಸಿದ ಹಾಗಾಯಿತು. ನಾಚಿಕೆಯಿಂದ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

ಲಾಯರಮ್ಮ ಬಾಯಿ ತೆರೆಯುವಷ್ಟರಲ್ಲಿ ಮಗಳ ಕೈ ಮುಂದೆ ಬಂತು. ಕೀಬೋರ್ಡನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ಅಪ್ಪನ ಕಾಲದಲ್ಲಿ ಕೀಗಳೇ ಬೇರೆ ಇದ್ವು ಕಣೇ,” ಎಂದಳು ಗೆಳತಿಗೆ, ಅವನತ್ತ ನೋಡದೆ. “ಗುಹೆ ಇರೋದಂತೂ ನಿಜ.”

ಆಟದಲ್ಲಿ ಅವಳು ಜಲಪಾತಕ್ಕೆ ಬೆನ್ನು ಮಾಡಿ, ಊರಿನ ದಾರಿ ಹಿಡಿದಳು. ನೀರಿನ ಸದ್ದು ಇನ್ನೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.