ತಳವಿಲ್ಲದ ಡಬ್ಬಿ

ಪಕ್ಕದ ಮನೆಯ ಕರೆಮ್ಮ ಕಡ್ಡಿ ಗೀರಿ ಹಚ್ಚಿದ ದೀಪ ಮತ್ತೆ ಆರಿತು. ಬೆಳಗಿನಿಂದ ಹುಲುಗಪ್ಪನ ಹೆಣ ಮಲಗಿಸಿದ್ದ ಜಾಗದಲ್ಲಿ ಇಟ್ಟ ದೀಪ ಅದು. ಮಣ್ಣು ಮಾಡಿ ಬಂದವರು ಅದನ್ನು ನೋಡಿಯೇ ಮನೆಗೆ ಹೋಗಬೇಕು. ಅವರಾಗಲೇ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಸಾವಿನ ಮನೆಯ ಬಾಗಿಲು ಹಾಕುವಂತಿಲ್ಲ. ಗಾದಿಗನೂರಿನ ಸಂಜೆಗಾಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ಕರೆಮ್ಮ, ದೀಪದ ಸುತ್ತ ಮರೆಗೆ ಇಡಲು ತಳವಿಲ್ಲದ ಡಬ್ಬಿ ಇದೆಯೇ ಎಂದಳು. ಆ ಮನೆಯಲ್ಲಿ ತಳವಿದ್ದ ಡಬ್ಬಿಯೇ ಅಪರೂಪ. ಪೌಡರ್ ಡಬ್ಬಿ, ಮಾತ್ರೆ ಡಬ್ಬಿ, ಯಾವುದನ್ನೂ ಹುಲುಗಪ್ಪ ಬಿಟ್ಟವನಲ್ಲ. ಎಲ್ಲವನ್ನೂ ಕೊಯ್ದು, ಒಳಗೆ ಕಪ್ಪು ಬಳಿದು, ಮಾಳಿಗೆಯ ಮೇಲೆ ತಾನೇ ಮಾಡಿಟ್ಟ ದುರ್ಬೀನಿಗೆ ಜೋಡಿಸುತ್ತಿದ್ದ. ಅವೆಲ್ಲ ಸಣ್ಣವು. ದೀಪ ಹಿಡಿಸುವಂಥದ್ದು ಒಂದೇ ಇತ್ತು.

“ದೊಡ್ಡವ್ವ, ದುರ್ಬೀನಿನ ಬಾಯಿಗೆ ಹಾಕಿದ್ದ ಡಬ್ಬಿ ತರ್ಲೇನು?” ಹುಲುಗಪ್ಪನ ತಮ್ಮನ ಮಗ ಅಂಜಿನೇಯ ಕೇಳಿದ.

ಗೋಡೆಗೊರಗಿ ಕೂತಿದ್ದ ಹುಲುಗಪ್ಪನ ಹೆಂಡತಿ ದುರುಗವ್ವ ತಲೆ ಎತ್ತಲಿಲ್ಲ.

“ಅದು ಬ್ಯಾಡ.”

*

ಅದು ಅವಳ ತವರಿನ ಡಬ್ಬಿ. ಕಂಪ್ಲಿಯಿಂದ ಅವ್ವ ಬೇಳೆ ತುಂಬಿ ಕಳಿಸಿದ್ದು. ಅಂಗಳದ ಬಲ್ಬಿನ ಬೆಳಕು ದುರ್ಬೀನಿನೊಳಗೆ ನುಗ್ಗಿ ಏನೂ ಕಾಣುವುದಿಲ್ಲ, ಸ್ವಲ್ಪ ಹೊತ್ತು ಆರಿಸು ಎಂದು ಹುಲುಗಪ್ಪ ಕೇಳಿಕೊಂಡಿದ್ದ. ದಿನವೆಲ್ಲ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಿ ಬಂದವನಿಗೆ ಅದೊಂದೇ ಖುಷಿ. ಕತ್ತಲಲ್ಲಿ ಕೂರಲು ನನಗೇನು ಹುಚ್ಚೇ ಎಂದಿದ್ದಳು ಇವಳು. ಮಾರನೆಯ ದಿನ ನೋಡಿದರೆ ಬೇಳೆ ಪೇಪರಿನ ಮೇಲೆ ಗುಡ್ಡೆಯಾಗಿತ್ತು, ಡಬ್ಬಿ ತಳ ಕಳೆದುಕೊಂಡು, ಬೆಳಕಿಗೆ ಮರೆಯಾಗಿ ದುರ್ಬೀನಿನ ಬಾಯಿ ಸೇರಿತ್ತು.

ಅಂದಿನಿಂದ ಸಿಟ್ಟಿಗೆಂದೇ ಬಲ್ಬು ಉರಿಸಿದಳು. ಸಿಟ್ಟು ಇಳಿದು ಎಷ್ಟೋ ವರ್ಷವಾದ ಮೇಲೂ ಉರಿಸಿದಳು, ಹಟ ಅಭ್ಯಾಸವಾಗಿಬಿಟ್ಟಿತ್ತು. ಮಕ್ಕಳಿಲ್ಲದ ಮನೆ, ಕರೆಯಲು ಅವನಿಗೆ ಬೇರೆ ಯಾರಿದ್ದರು? ಹುಣ್ಣಿಮೆ ಹತ್ತಿರ ಬಂದಾಗಲೆಲ್ಲ ಮೇಲಿನಿಂದ ಕೂಗುತ್ತಿದ್ದ.

“ದುರುಗಿ, ಬಾ. ಚಂದ್ರಾಮ ಭಾಳ ಚಲೋ ಕಾಣ್ತಾನ. ನಿನಗ ನಿಲುಕಂಗಿಲ್ಲಂತ ಎಣ್ಣಿ ಟಿನ್ ಬೋರಲು ಹಾಕೀನಿ.”

ನಾಳೆ ಬರುತ್ತೇನೆ ಎನ್ನುತ್ತಿದ್ದಳು. ಮೊನ್ನೆಯೂ ಅದನ್ನೇ ಅಂದಿದ್ದಳು.

*

ದೀಪ ಇನ್ನೊಮ್ಮೆ ಆರಿತು. ದುರುಗವ್ವ ಅಂಜಿನೇಯನ ಕಡೆ ತಿರುಗಿದಳು. ಹೋಗಪ್ಪ, ತಂದುಬಿಡು ಎಂದಳು.

ಅಂಜಿನೇಯ ಡಬ್ಬಿ ತಂದು ದೀಪದ ಸುತ್ತ ಇಟ್ಟ. ಉರಿ ನೆಟ್ಟಗೆ ನಿಂತಿತು. ಜನ ಒಬ್ಬೊಬ್ಬರೇ ಬಗ್ಗಿ ನೋಡಿದರು. ಸಾವಿನ ಮನೆಯಲ್ಲಿ ಹೋಗಿಬರುತ್ತೇನೆ ಅನ್ನಬಾರದಲ್ಲ, ಏನೂ ಹೇಳದೆ ಹೊರಟರು. ಕೊನೆಗೆ ಅಂಜಿನೇಯನೂ ಹೋದ. ಕರೆಮ್ಮ ಒಬ್ಬಳು ಉಳಿದಳು.

ಹೊತ್ತು ಮುಳುಗಿತು. ಕಪ್ಪು ಬಳಿದ ಡಬ್ಬಿಯಿಂದ ಬೆಳಕು ಪಕ್ಕಕ್ಕೆ ಒಂದಿಷ್ಟೂ ಬರಲಿಲ್ಲ. ನೇರ ಮೇಲಕ್ಕೆ ಹೋಗಿ ಸುಣ್ಣದ ಚಾವಣಿಯ ಮೇಲೆ ದುಂಡಗೆ, ತುಂಬಿಕೊಂಡು ನಿಂತಿತು. ದುರುಗವ್ವ ಚಾಪೆಯ ಮೇಲೆ ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದಳು.

ಕತ್ತಲಾಯಿತೆಂದು ಕರೆಮ್ಮ ಎದ್ದು ಅಂಗಳದ ಸ್ವಿಚ್ಚಿಗೆ ಕೈ ಹಾಕಿದಳು.

“ಬಲ್ಬು ಹಾಕಬ್ಯಾಡ,” ಅಂದಳು ದುರುಗವ್ವ. “ಕಾಣಂಗಿಲ್ಲ.”